ಬೂಸಾ: ಚಪ್ಪಾಳೆ ಸಿಗದ ಒಂದು ಭಾಷಣದ ಕತೆ

ಭಾಗ 1

ಫೋಟೋ ನೋಡಿ ಕನ್ಫ್ಯೂಸ್ ಆಗ್ಬೇಡಿ. ಹೌದು, ಅದು ಬೂಸಾ ಚೀಲಾನೇ. ನಮ್ಮೂರಿನ ಪಶು ಆಹಾರದ ಅಂಗಡಿ ಮುಂದೆ ತೆಗೆದದ್ದು. ಅಂಗಡಿಯವರು "ಇದನ್ನ ಯಾಕಮ್ಮ ಫೋಟೋ ತೆಗೀತೀಯ?" ಅಂದ್ರು. "ಹಿಸ್ಟರಿ ಅಂಕಲ್" ಅಂದೆ. ನಕ್ಕರು.

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಸ್ಫೂರ್ತಿ ತುಂಬುವ ಭಾಷಣಗಳ ಒಂದು ದಿನದ ಕಾರ್ಯಕ್ರಮ ಇತ್ತು. ಐಡೆಂಟಿಟಿ, ಮನಸ್ಸಿನ ಆರೋಗ್ಯ, ಸಂಸ್ಕೃತಿ, ಹೊಸ ಐಡಿಯಾ, ಎಲ್ಲಾ ಇತ್ತು. ಒಬ್ಬೊಬ್ಬರಿಗೆ 18 ನಿಮಿಷ, ಟೆಡ್ ವೇದಿಕೆಯ ಲೆಕ್ಕದಲ್ಲಿ. ಎಲ್ಲರಿಗೂ ಜೋರಾಗಿ ಚಪ್ಪಾಳೆ ತಟ್ಟಿದೆವು. ರಾತ್ರಿ ಮೆಸ್ಸಿನಲ್ಲಿ ಕೂತಾಗ ಯಾರು ಏನು ಹೇಳಿದರು ಅಂತ ಕೇಳಿದರೆ, ನಮ್ಮ ಟೇಬಲ್ಲಿನ ಆರು ಜನರಲ್ಲಿ ಒಬ್ಬರಿಗೂ ಸರಿಯಾಗಿ ನೆನಪಿಲ್ಲ! ಗೇಲಿ ಮಾಡ್ತಿಲ್ಲ. ಹಾಸ್ಟೆಲಿನ ಒಂಟಿತನದ ಬಗ್ಗೆ ಒಬ್ಬ ಜೂನಿಯರ್ ಆಡಿದ ಮಾತು ನಿಜಕ್ಕೂ ಚೆನ್ನಾಗಿತ್ತು. ಆದರೂ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ನಿಜವಾಗಿಯೂ ಏನನ್ನೋ ಬದಲಿಸಿದ ಭಾಷಣ ಅಂತ ನಮ್ಮ ನಾಡಿನಲ್ಲಿ ಯಾವುದಾದರೂ ಇದೆಯಾ? ಇದ್ದರೆ ಅದಕ್ಕೆ ಚಪ್ಪಾಳೆ ಬಿದ್ದಿತ್ತಾ?

ಲೈಬ್ರರಿಯಲ್ಲಿ ಹುಡುಕುತ್ತಾ ಹೋದೆ. ಕೊನೆಗೆ ಬಂದು ನಿಂತದ್ದು 1973ರ ನವೆಂಬರ್ 19ಕ್ಕೆ. ಊರು ಮೈಸೂರು. ಭಾಷಣ ಮಾಡಿದವರು ಬಿ. ಬಸವಲಿಂಗಪ್ಪ.

ಮುಂದಿನ ಫೋಟೋಗಳ ಕೆಳಗೆ ಉಳಿದ ಕತೆ ಇದೆ. ಕೊನೆಯಲ್ಲಿ ನಮ್ಮ ತಾತ ಬರ್ತಾರೆ, ಅಲ್ಲಿವರೆಗೂ ಓದಿ ಪ್ಲೀಸ್.

ಭಾಗ 2

ಯಾರು ಈ ಬಸವಲಿಂಗಪ್ಪ? ನನ್ನ ಕ್ಲಾಸಿನಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದನ್ನ ಮುಚ್ಚಿಡೋದೇನಿದೆ.

1924ರಲ್ಲಿ ಹುಟ್ಟಿದವರು, ದಲಿತ ಕುಟುಂಬದವರು, ಕಾನೂನು ಓದಿ ವಕೀಲರಾದವರು, ಅಂಬೇಡ್ಕರ್ ವಿಚಾರಗಳನ್ನು ಗಟ್ಟಿಯಾಗಿ ಹಿಡಿದವರು. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದಾಗ ಅವರ ಸಂಪುಟದಲ್ಲಿ ಪೌರಾಡಳಿತ ಸಚಿವರಾದರು. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಪಾಯಿಖಾನೆಯ ಮಲವನ್ನು ಬಕೆಟ್ಟಿಗೆ ತುಂಬಿ, ಆ ಬಕೆಟ್ಟನ್ನು ಮನುಷ್ಯರೇ ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದರು. ಮಳೆ ಬಂದರೆ ಏನಾಗುತ್ತಿತ್ತು ಅಂತ ಒಂದು ಕ್ಷಣ ಯೋಚನೆ ಮಾಡಿ. ಇದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು ಬಸವಲಿಂಗಪ್ಪ. ಇಂಥದೊಂದು ಕಾನೂನು ಸಂಸತ್ತಿನಲ್ಲಿ ಪಾಸಾಗಿದ್ದು 1993ರಲ್ಲಿ. ಎಷ್ಟು ವರ್ಷ ಮುಂದಿದ್ದರು ಅಂತ ನೀವೇ ಲೆಕ್ಕ ಹಾಕಿ.

ಈಗ ಆ ದಿನಾಂಕಕ್ಕೆ ಬರೋಣ. ಪುಸ್ತಕಗಳಲ್ಲಿ ಈ ಭಾಷಣದ ಬಗ್ಗೆ ಓದುವಾಗ ಒಂದು ವಿಷಯ ನನಗೆ ತಟ್ಟನೆ ಹೊಳೆಯಿತು. ನಮ್ಮ ರಾಜ್ಯಕ್ಕೆ 'ಕರ್ನಾಟಕ' ಅಂತ ಹೆಸರಿಟ್ಟದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚೆ 'ಮೈಸೂರು ರಾಜ್ಯ'. ಅಂದರೆ ಈ ಭಾಷಣ ನಡೆದಾಗ ಕರ್ನಾಟಕಕ್ಕೆ ಬರೀ 18 ದಿನ ವಯಸ್ಸು! ಎಲ್ಲೆಲ್ಲೂ ಸಂಭ್ರಮ. ನಾವೆಲ್ಲ ಕನ್ನಡಿಗರು, ನಮ್ಮ ನುಡಿ, ನಮ್ಮ ಸಾಹಿತ್ಯ ಅಂತ ಎದೆ ಉಬ್ಬಿಸಿಕೊಂಡಿದ್ದ ತಿಂಗಳು ಅದು. ಆ ಹೊಸ ಹೆಸರಿಟ್ಟ ಸರ್ಕಾರದ ಸಚಿವರೇ ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಎದ್ದು ನಿಂತು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಹೇಳಿದರೆ ಹೇಗಿರಬೇಡ?

ಭಾಗ 3

ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು, ಗೊತ್ತಲ್ಲ. ಕಾಳು ಬೇರೆಯಾದ ಮೇಲೆ ಉಳಿಯೋದು.

ಅವರ ಮಾತಿನ ತಿರುಳು ಇಷ್ಟು: ದಲಿತರ ಬದುಕು, ಹಸಿವು, ಅವಮಾನ ಈ ಸಾಹಿತ್ಯದಲ್ಲಿ ಇಲ್ಲ, ಮೇಲಕ್ಕೆ ಬರಬೇಕಾದರೆ ಇಂಗ್ಲಿಷ್ ಕಲಿಯಿರಿ, ಲೋಕದ ಜ್ಞಾನ ಓದಿಕೊಳ್ಳಿ. ಎದುರಿಗೆ ಅವಕಾಶಗಳೇ ಇಲ್ಲದ ಹುಡುಗರನ್ನು ಇಟ್ಟುಕೊಂಡು ಒಬ್ಬ ಹಿರಿಯ ಆಡಿದ ಮಾತು ಅಂತ ನೋಡಿದರೆ ಅದರ ಕಾವು ಅರ್ಥವಾಗುತ್ತದೆ. ಆದರೆ ಭಾಷಣ ಸಭೆಯಿಂದ ಹೊರಗೆ ಬರುವಷ್ಟರಲ್ಲಿ ಅದರಲ್ಲಿ ಒಂದೇ ಪದ ಉಳಿದಿತ್ತು. ಈಗ ಒಂದೂವರೆ ಗಂಟೆಯ ಮಾತನ್ನು 15 ಸೆಕೆಂಡಿನ ರೀಲ್ಸ್ ಮಾಡಿ ಜಗಳ ಹಚ್ಚುತ್ತಾರಲ್ಲ, ಹಾಗೇ. ಆಗ ಫೋನ್ ಇರಲಿಲ್ಲ ಅಷ್ಟೇ. ಪೇಪರಿನ ಹೆಡ್‌ಲೈನ್ ಸಾಕಾಯಿತು.

ಕಾಲೇಜುಗಳು ಬೀದಿಗೆ ಬಂದವು. ಮೈಸೂರಿನಲ್ಲಿ ಶುರುವಾದದ್ದು ಬೆಂಗಳೂರಿಗೆ, ಬೇರೆ ಜಿಲ್ಲೆಗಳಿಗೆ ಹರಡಿತು. ಮೆರವಣಿಗೆ, ಘೋಷಣೆ, ರಾಜೀನಾಮೆ ಕೊಡಿ ಅನ್ನೋ ಒತ್ತಾಯ. ಇಷ್ಟರವರೆಗೆ ಸರಿ, ಮಾತು ಒಪ್ಪದಿದ್ದರೆ ಪ್ರತಿಭಟಿಸೋದು ಎಲ್ಲರ ಹಕ್ಕು. ಆದರೆ ಏಟು ಬಿದ್ದದ್ದು ಸಚಿವರಿಗಲ್ಲ. ಏಟು ಬಿದ್ದದ್ದು ಹಾಸ್ಟೆಲಿನ ಹುಡುಗರಿಗೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಹೆಚ್ಚಿನವರು ಮನೆಯಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ್ದವರು. ಅವರಲ್ಲಿ ಎಷ್ಟೋ ಜನ ಆ ಭಾಷಣವನ್ನು ಕೇಳಿರಲೂ ಇಲ್ಲ. ಹೊಡೆದವರೂ ಕೇಳಿರಲಿಲ್ಲ ಬಿಡಿ.

ಕೆಲವೇ ವಾರಗಳಲ್ಲಿ ಬಸವಲಿಂಗಪ್ಪ ಸಚಿವ ಸ್ಥಾನ ಬಿಡಬೇಕಾಯಿತು. ಮುಂದೆ ಮತ್ತೆ ಸಚಿವರಾದರು, 1992ರಲ್ಲಿ ತೀರಿಕೊಂಡರು. ಮಲ ಹೊರುವುದನ್ನು ನಿಲ್ಲಿಸಿದ ಮನುಷ್ಯ ಜನರ ನೆನಪಿನಲ್ಲಿ ಉಳಿದದ್ದು 'ಬೂಸಾ ಬಸವಲಿಂಗಪ್ಪ' ಅಂತ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಭಾಗ 4

ಇಲ್ಲಿಗೆ ಮುಗಿದಿದ್ದರೆ ಇದು ಸೋತ ಭಾಷಣದ ಕತೆ ಆಗ್ತಿತ್ತು. ಆದರೆ ನಿಜವಾದ ಕತೆ ಶುರುವಾಗೋದೇ ಇಲ್ಲಿ.

ಏಟು ತಿಂದ ಹುಡುಗರು ಸುಮ್ಮನೆ ಕೂರಲಿಲ್ಲ. ಒಂದೊಂದು ಊರಿನ ಒಂದೊಂದು ಹಾಸ್ಟೆಲಿನಲ್ಲಿ ಒಬ್ಬೊಬ್ಬರೇ ಇದ್ದವರಿಗೆ ಮೊದಲ ಸಲ ತಾವು ಎಷ್ಟು ಜನ ಇದ್ದೇವೆ ಅಂತ ಗೊತ್ತಾಯಿತು. ಸಭೆ ಸೇರಿದರು, ಪ್ರತಿ ಮೆರವಣಿಗೆ ಮಾಡಿದರು, ಊರಿಂದ ಊರಿಗೆ ಓಡಾಡಿದರು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಆ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಡಿಎಸ್‌ಎಸ್ ಅಂತ ಗೋಡೆ ಬರಹಗಳಲ್ಲಿ ನೋಡಿರ್ತೀರಲ್ಲ, ಅದೇ. ಅದರ ಬೇರು ಎಲ್ಲಿದೆ ಅಂತ ಹುಡುಕಿದರೆ ಎಲ್ಲರೂ ಕೈ ತೋರಿಸೋದು ಈ ಬೂಸಾ ಗಲಾಟೆಯ ಕಡೆಗೇ.

ಬೆಂಗಳೂರಿನಲ್ಲಿ ಆಗ ಓದುತ್ತಿದ್ದ ಒಬ್ಬ ಸಣಕಲು ಹುಡುಗ, 1954ರಲ್ಲಿ ಮಾಗಡಿ ಕಡೆ ಹುಟ್ಟಿದವನು. ಹೆಸರು ಸಿದ್ಧಲಿಂಗಯ್ಯ. ಬಸವಲಿಂಗಪ್ಪನವರ ಪರ ನಿಂತ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. 1975ರಲ್ಲಿ ಅವರ 'ಹೊಲೆಮಾದಿಗರ ಹಾಡು' ಬಂತು. ಕನ್ನಡ ಕವಿತೆಯಲ್ಲಿ ಅಂಥ ದನಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ಆ ಹಾಡುಗಳನ್ನು ಪುಸ್ತಕ ಓದಲು ಬಾರದವರೂ ಹೋರಾಟಗಳಲ್ಲಿ ಹಾಡಿದರು. ಅವರ ಆತ್ಮಕತೆ 'ಊರುಕೇರಿ' ಓದಿಲ್ಲ ಅಂದ್ರೆ ಇವತ್ತೇ ಹುಡುಕಿ. ಅಳು ಬರೋ ಜಾಗದಲ್ಲೆಲ್ಲಾ ನಗಿಸ್ತಾರೆ ಪುಣ್ಯಾತ್ಮ. 2021ರಲ್ಲಿ ಕೋವಿಡ್ ಅವರನ್ನು ಕರ್ಕೊಂಡು ಹೋಯಿತು.

ಇನ್ನೊಬ್ಬರು ಈ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತರು. ಅದನ್ನು ಯಾರೂ ನಿರೀಕ್ಷಿಸಿರಲಿಕ್ಕಿಲ್ಲ. ಕುವೆಂಪು! ಆಗಲೇ ರಾಷ್ಟ್ರಕವಿ, ಜ್ಞಾನಪೀಠ ಬಂದು ಆಗಿತ್ತು. ಯಾವ ಸಾಹಿತ್ಯಕ್ಕೆ ಅವಮಾನ ಆಯ್ತು ಅಂತ ಜನ ಬೀದಿಗಿಳಿದಿದ್ದರೋ, ಆ ಸಾಹಿತ್ಯದ ತುದಿಯಲ್ಲಿ ನಿಂತವರೇ ಆ ಮಾತಿನಲ್ಲಿ ನಿಜ ಇದೆ ಅಂದರು. ಮಾರನೇ ವರ್ಷ, 1974ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಅವರು 'ವಿಚಾರಕ್ರಾಂತಿಗೆ ಆಹ್ವಾನ' ಅನ್ನುವ ಭಾಷಣ ಮಾಡಿದರು. ಎದುರಿಗೆ ಇದ್ದವರು ನಮ್ಮ ವಯಸ್ಸಿನವರು, ಡಿಗ್ರಿ ತಗೊಳ್ಳೋಕೆ ಬಂದವರು. ಜಾತಿ, ಮೌಢ್ಯ, ಪುರೋಹಿತಶಾಹಿ, ಒಂದನ್ನೂ ಅವರು ಬಿಡಲಿಲ್ಲ. ಇವತ್ತಿಗೂ ಅದು ಸಣ್ಣ ಪುಸ್ತಕವಾಗಿ ಸಿಗುತ್ತದೆ. ಘಟಿಕೋತ್ಸವ ಭಾಷಣ ಅಂದ್ರೆ ಆಕಳಿಕೆ ಅಂತ ಅಂದುಕೊಂಡಿದ್ದೆ ನಾನು.

ಭಾಗ 5

ಈಗ ಕಷ್ಟದ ಪ್ರಶ್ನೆ. ಬಸವಲಿಂಗಪ್ಪ ಹೇಳಿದ್ದು ಸರಿನಾ?

ನನ್ನ ಅಭಿಪ್ರಾಯ: ಅರ್ಧ ಸರಿ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇದ್ದರು. ಸೂಳೆ ಸಂಕವ್ವ ಇದ್ದಳು, ಕಸ ಗುಡಿಸುವ ಕಾಯಕದ ಸತ್ಯಕ್ಕ ಇದ್ದಳು. ಅವರ ಮಾತನ್ನು ಬೂಸಾ ಅನ್ನೋಕೆ ಆಗುತ್ತಾ? ಆದರೆ ಅಲ್ಲಿಂದ ಈಚೆಗೆ ನಡೆದು ಬಂದರೆ ಅಂಥ ದನಿಗಳು ಎಷ್ಟು ಸಿಗ್ತಾವೆ? ಹೊಸಗನ್ನಡದಲ್ಲಿ ದಲಿತರ ಬಗ್ಗೆ ಕನಿಕರದಿಂದ ಬರೆದವರು ಇದ್ದಾರೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರಷ್ಟು ಹಿಂದೆಯೇ ಬಂದಿತ್ತು. ಆದರೆ ಚೋಮನ ಕತೆಯನ್ನು ಚೋಮನ ಮನೆಯವರೇ ಬರೆಯುವ ಕಾಲ ಇನ್ನೂ ಬಂದಿರಲಿಲ್ಲ. ಅವರು ಬೂಸಾ ಅಂದದ್ದು ಈ ಕೊರತೆಯನ್ನು ಅಂತ ನಾನು ಓದಿಕೊಳ್ತೀನಿ. ಪದ ಒರಟು. ಪ್ರಶ್ನೆ ನ್ಯಾಯದ್ದು.

ತಮಾಷೆ ಏನು ಗೊತ್ತಾ? ಅವರು ಕೊಟ್ಟ ಸಲಹೆ ಇಂಗ್ಲಿಷ್ ಓದಿ ಅಂತ. ಅವರ ಪರ ಏಟು ತಿಂದ ಹುಡುಗರು ಮಾಡಿದ್ದು ಉಲ್ಟಾ. ಅವರು ಕನ್ನಡದಲ್ಲೇ ಬರೆದರು. ಅದೂ ಪುಸ್ತಕದ ಕನ್ನಡ ಅಲ್ಲ, ಕೇರಿಯ ಕನ್ನಡ. ದೇವನೂರ ಮಹಾದೇವ ಅವರ 'ದ್ಯಾವನೂರು' ಕತೆಗಳು ಬಂದದ್ದು ಅದೇ 1973ರಲ್ಲಿ. ಆಮೇಲೆ ಬಂದ 'ಕುಸುಮಬಾಲೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಚಾಮರಾಜನಗರ, ನಂಜನಗೂಡು ಸೀಮೆಯ ಮಾತು ಅದರಲ್ಲಿ ಹೇಗಿದೆಯೋ ಹಾಗೇ ಇದೆ. ಮೊದಲ ಓದಿಗೆ ನನಗೆ ಅರ್ಧ ಅರ್ಥವಾಗಲಿಲ್ಲ. ನಮ್ಮ ರೂಮಿನ ಕೊಳ್ಳೇಗಾಲದ ಹುಡುಗಿ ಒಂದು ಪುಟ ಗಟ್ಟಿಯಾಗಿ ಓದಿದಳು ನೋಡಿ, ಎಲ್ಲಾ ಬಿಚ್ಚಿಕೊಂಡಿತು. ಅವಳ ಮಾತಿಗೆ ನಾವು ಫಸ್ಟ್ ಇಯರಲ್ಲಿ ನಗ್ತಿದ್ವಿ. ಆವತ್ತು ಯಾರೂ ನಗಲಿಲ್ಲ.

ಐಡೆಂಟಿಟಿ ಬಗ್ಗೆ ಭಾಷಣ ಮಾಡೋರು 'ನೀವು ನೀವಾಗಿರಿ' ಅಂತಾರೆ. ಸುಲಭ ಅದು. ಹಾಸ್ಟೆಲಿಗೆ ಸೇರಿದ ಮೊದಲ ವಾರ "ನೀವು ಯಾವ ಪೈಕಿ?" ಅಂತ ಯಾರೂ ಕೇಳದೇ ಇದ್ದವರಿಗೆ ಇನ್ನೂ ಸುಲಭ.

ವೇದಿಕೆ ಸಿಗದ ಭಾಷಣಗಳೂ ಇವೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಂಬೇಡ್ಕರ್ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ಓದಿ ಹೆದರಿ ಸಮ್ಮೇಳನವನ್ನೇ ರದ್ದು ಮಾಡಿತು. ಅಂಬೇಡ್ಕರ್ ಸ್ವಂತ ದುಡ್ಡಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ನಮ್ಮಲ್ಲೂ 1979ರ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಅಂದರೆ ಒಪ್ಪಲಿಲ್ಲ. ಬರಹಗಾರರು ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಬಂಡಾಯ ಸಾಹಿತ್ಯ ಸಮ್ಮೇಳನ ಮಾಡಿದರು. ಬೂಸಾ ಗಲಾಟೆಯಾಗಿ ಆರು ವರ್ಷವೂ ತುಂಬಿರಲಿಲ್ಲ.

ಭಾಗ 6

ಈ ಫೋಟೋದಲ್ಲಿರೋದು ನಮ್ಮ ತಾತನ ಕೈ. ಮುಖ ಬೇಡ ಅಂದರು.

ತಾತ 1973ರಲ್ಲಿ ಬಿಎ ಓದುತ್ತಿದ್ದರು, ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ. ದಸರಾ ರಜೆಯಲ್ಲಿ ಊರಿಗೆ ಹೋದಾಗ ಈ ಸೀರೀಸ್ ಬರೀತಿದ್ದೀನಿ ಅಂತ ಹೇಳಿದೆ. ಕೊಟ್ಟಿಗೆಯಲ್ಲಿ ಬೂಸಾ ನೆನೆಹಾಕ್ತಿದ್ದರು, ನಿಜವಾಗಲೂ. ಅಜ್ಜಿ ಮಧ್ಯೆ ಬಾಯಿ ಹಾಕಿ, "ಬೂಸಾ ಅಂದ್ರೆ ಬೈಗುಳ ಯಾಕಾದಾತು? ಹಸ ಹಾಲು ಕೊಡಾದು ಏನ್ ತಿಂದು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

"ತಾತ, ಆಗ ನಿಮ್ಮ ಕಾಲೇಜಲ್ಲೂ ಮೆರವಣಿಗೆ ಆಗಿತ್ತಾ?"

"ಆಗಿತ್ತು ಕಣಮ್ಮ."

"ನೀನೂ ಹೋಗಿದ್ಯಾ?"

ತಾತ ಬಕೆಟ್ಟಿನಲ್ಲಿ ಕೈಯಾಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಲ್ಲರೂ ಹೋಗ್ತಿದ್ರು. ನಾನೂ ಹೋದೆ. ಧಿಕ್ಕಾರ ಕೂಗಿದ್ವಿ."

"ಅವರು ಏನು ಮಾತಾಡಿದ್ರು ಅಂತ ಓದಿದ್ದಾ?"

"ಇಲ್ಲ."

ನಾನು ಮತ್ತೆ ಏನೂ ಕೇಳಲಿಲ್ಲ. ಅವರಾಗಿಯೇ ಹೇಳಿದರು. ಅವರ ಕ್ಲಾಸಿನಲ್ಲಿ ಹಾಸ್ಟೆಲಿನ ಇಬ್ಬರು ಇದ್ದರಂತೆ. ಒಬ್ಬ ಇವರ ಪಕ್ಕದ ಬೆಂಚು. ನೋಟ್ಸ್ ಕೊಡೋನು, ಅಕ್ಷರ ಮುತ್ತಿನ ಹಾಗಂತೆ. ಗಲಾಟೆ ಆದ ವಾರ ಇಬ್ಬರೂ ಕ್ಲಾಸಿಗೆ ಬರಲಿಲ್ಲ. ಆಮೇಲೆ ಬಂದಾಗ ಹಿಂದಿನ ಬೆಂಚಿಗೆ ಹೋಗಿ ಕೂತರು. "ನಾನೂ ಮಾತಾಡಿಸಲಿಲ್ಲ, ಅವನೂ ಮಾತಾಡಿಸಲಿಲ್ಲ. ಪರೀಕ್ಷೆ ಆಯ್ತು, ಎಲ್ಲಾ ಊರಿಗೆ ಹೋದ್ವಿ."

ಇದನ್ನೆಲ್ಲ ಹಾಕಲಾ ಅಂತ ಕೇಳಿದೆ. ಹಾಕು ಅಂದರು.

1973ರಲ್ಲಿ 20 ವರ್ಷ ಇದ್ದವರಿಗೆ ಈಗ 70 ದಾಟಿದೆ. ನಿಮ್ಮ ಮನೆಯಲ್ಲೂ ಆಗ ಕಾಲೇಜಿನಲ್ಲಿದ್ದ ತಾತ, ಅಜ್ಜಿ, ದೊಡ್ಡಪ್ಪ ಯಾರಾದರೂ ಇರಬಹುದು. ಕೇಳಿ ನೋಡಿ. ಮೆರವಣಿಗೆಯಲ್ಲಿ ಇದ್ದರಾ, ಹಾಸ್ಟೆಲಿನಲ್ಲಿ ಇದ್ದರಾ? ಅವರು ಒಪ್ಪಿದರೆ ಮಾತ್ರ ಕಾಮೆಂಟಿನಲ್ಲಿ ಬರೀರಿ, ಹೆಸರು ಬೇಡ. ತಾತನಿಗೆ ಓದಿ ಹೇಳ್ತೀನಿ. ಆ ಮುತ್ತಿನ ಅಕ್ಷರದವರು ಯಾವ ಊರಿನವರು ಅನ್ನೋದು ಅವರಿಗೆ ಇನ್ನೂ ನೆನಪಿದೆ.

#ಬೂಸಾ #ಬಸವಲಿಂಗಪ್ಪ #ನಮ್ಮಹಿಸ್ಟರಿ #ಕ್ಯಾಪ್ಶನ್‌ಸರಣಿ