ಚೀನಾದಲ್ಲಿ ಓದು: ಮುಚ್ಚಿ ತೆರೆದ ದಾರಿಯ ಚರಿತ್ರೆ

ರಾಷ್ಟ್ರಗಳು ತಮ್ಮ ನಡುವೆ ನಡೆಸುವ ಯುದ್ಧ, ಸಂಧಾನ, ವ್ಯಾಪಾರಗಳನ್ನು ಕ್ರಮಬದ್ಧವಾಗಿ ಪರಿಶೀಲಿಸುವ ಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನವೆಂದು ಹೆಸರು. ಈ ಶಾಸ್ತ್ರವನ್ನು ಚೀನಾದಲ್ಲಿಯೇ ನೆಲೆಸಿ, ಅಲ್ಲಿನ ಭಾಷೆಯ ಮೂಲಕ ಕಲಿಯುವ ಪರಿಪಾಠ ಭಾರತೀಯರಲ್ಲಿ ಎಡೆಬಿಡದೆ ನಡೆದುಬಂದುದಲ್ಲ. ಎರಡು ಸರ್ಕಾರಗಳ ಸಂಬಂಧ ಹದಗೆಟ್ಟಾಗಲೆಲ್ಲ ವಿದ್ಯಾರ್ಥಿಯ ದಾರಿಯೂ ಕಟ್ಟಿದೆ. ಚೀನಾದ ಕುರಿತ ಅರಿವಿನ ಕೊರತೆಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಕಾಣಲು ಬೂದಿಗೆರೆಯನ್ನು ಒಳಗೊಂಡ ದೇವನಹಳ್ಳಿ ತಾಲ್ಲೂಕಿನ ರೇಷ್ಮೆ ಸೀಮೆ ತಕ್ಕ ಸ್ಥಳವಾಗಿದೆ.

ಕನ್ನಡ ನಾಡಿಗೂ ಚೀನಾಕ್ಕೂ ವಿದ್ಯೆಯ ನಂಟು ಹಳೆಯದು. ದಕ್ಷಿಣ ಭಾರತದ ಬೌದ್ಧ ವಿದ್ವಾಂಸ ಬೋಧಿರುಚಿಯನ್ನು ಚಾಲುಕ್ಯರ ಆಸ್ಥಾನದಲ್ಲಿ ಚೀನೀ ರಾಯಭಾರಿಯೊಬ್ಬನು ಕಂಡು ಆಹ್ವಾನಿಸಿದನೆಂದೂ, ಅವನು 693ರಲ್ಲಿ ಲುವೊಯಾಂಗ್ ನಗರವನ್ನು ತಲುಪಿ ಅನುವಾದ ಕಾರ್ಯದಲ್ಲಿ ತೊಡಗಿದನೆಂದೂ ಚೀನೀ ಆಕರಗಳು ತಿಳಿಸುತ್ತವೆ. ಆಧುನಿಕ ಕಾಲದಲ್ಲಿ ಈ ನಂಟಿಗೆ ಮರುಜೀವ ದೊರೆತದ್ದು 1937ರಲ್ಲಿ ಶಾಂತಿನಿಕೇತನದಲ್ಲಿ ತಾನ್ ಯುನ್-ಶಾನ್ ಅವರ ಶ್ರಮದಿಂದ ಚೀನಾ ಭವನ ಆರಂಭವಾದಾಗ. ಮುಂದೆ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಹೋದವರಲ್ಲಿ ವಿ.ವಿ. ಪರಾಂಜಪೆ ಒಬ್ಬರು, 1954ರಲ್ಲಿ ನೆಹರೂ ಮತ್ತು ಮಾವೊ ಅವರ ಮಾತುಕತೆಗೆ ದುಭಾಷಿಯಾಗುವಷ್ಟು ಅವರು ಚೀನೀ ಭಾಷೆಯನ್ನು ಕರಗತ ಮಾಡಿಕೊಂಡಿದ್ದರು.

ಈ ಶಾಸ್ತ್ರದ ಸಂಸ್ಥೆಗಳು ಎರಡೂ ದೇಶಗಳಲ್ಲಿ ಬಹುತೇಕ ಜೊತೆಜೊತೆಯಾಗಿಯೇ ಬೆಳೆದವು. 1955ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೆ ಪ್ರತ್ಯೇಕ ಶಾಲೆಯೊಂದು ಹುಟ್ಟಿದ ವರ್ಷವೇ ಬೀಜಿಂಗ್‌ನಲ್ಲಿ ವಿದೇಶಾಂಗ ವ್ಯವಹಾರಗಳ ಕಾಲೇಜು ತೆರೆಯಿತು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ಕೇಂದ್ರ ಸ್ಥಾಪನೆಯಾದಾಗ, ಚೀನಾದಲ್ಲಿ ಪೀಕಿಂಗ್, ರೆನ್‌ಮಿನ್, ಫುದಾನ್ ವಿಶ್ವವಿದ್ಯಾಲಯಗಳಲ್ಲಿ ಅಂತರರಾಷ್ಟ್ರೀಯ ರಾಜಕಾರಣ ವಿಭಾಗಗಳು ರೂಪುಗೊಂಡು, ಏಷ್ಯಾ-ಆಫ್ರಿಕಾದ ವಿಮೋಚನಾ ಚಳವಳಿಗಳು ಮೊದಲನೆಯದಕ್ಕೂ, ಕಮ್ಯುನಿಸ್ಟ್ ಚಳವಳಿ ಎರಡನೆಯದಕ್ಕೂ, ಪಾಶ್ಚಾತ್ಯ ದೇಶಗಳು ಮೂರನೆಯದಕ್ಕೂ ಹಂಚಿಕೆಯಾದವು. ಆದರೆ 1962ರ ಭಾರತ-ಚೀನಾ ಯುದ್ಧದ ತರುವಾಯ ಭಾರತೀಯ ಸಂಶೋಧಕರಿಗೆ ಚೀನಾ ನೆಲವೇ ಎಟುಕದಂತಾದ ಕಾರಣ, ಅವರು ಆ ದೇಶವನ್ನು ಹೆಚ್ಚಾಗಿ ಹೊರಗಿನಿಂದ, ಅನ್ಯರು ಬರೆದ ಗ್ರಂಥಗಳ ಮೂಲಕ ಅರಿಯಬೇಕಾಯಿತು.

1976ರಲ್ಲಿ ಕೆ.ಆರ್. ನಾರಾಯಣನ್ ರಾಯಭಾರಿಯಾಗಿ ಬೀಜಿಂಗ್‌ಗೆ ತೆರಳಿದ ಮೇಲೆ, ವಿಶೇಷವಾಗಿ 1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿಯವರ ಭೇಟಿಯ ಅನಂತರ, ದಾರಿ ಮತ್ತೆ ತೆರೆಯಿತು. ಚೀನೀ ಮಾಧ್ಯಮದ ಸ್ನಾತಕೋತ್ತರ ಪದವಿಗೆ ಸೇರುವ ವಿದೇಶಿ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲು ಭಾಷೆಯನ್ನು ಕಲಿತು, ಎಚ್‌ಎಸ್‌ಕೆ ಎಂಬ ಭಾಷಾ ಅರ್ಹತಾ ಪರೀಕ್ಷೆಯನ್ನು ದಾಟಬೇಕು. 2015ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಯೆನ್‌ಚಿಂಗ್ ಅಕಾಡೆಮಿಯೂ 2016ರಲ್ಲಿ ಚಿಂಗ್‌ಹುವಾ ವಿಶ್ವವಿದ್ಯಾಲಯದ ಶ್ವಾರ್ಟ್ಸ್‌ಮನ್ ವಿದ್ಯಾರ್ಥಿವೇತನವೂ ಇಂಗ್ಲಿಷ್ ಮಾಧ್ಯಮದಲ್ಲಿ ಆರಂಭವಾಗಿ ಈ ಹಾದಿಯನ್ನು ಸುಗಮಗೊಳಿಸಿದವು. 2020ರ ಕೋವಿಡ್ ಮತ್ತು ಗಾಲ್ವಾನ್ ಗಡಿ ಘರ್ಷಣೆಯಿಂದ ಹಾದಿ ಮತ್ತೆ ಮುಚ್ಚಿ, ವಿದ್ಯಾರ್ಥಿ ವೀಸಾಗಳು 2022ರ ಆಗಸ್ಟ್‌ನಲ್ಲಿ, ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಪುನರಾರಂಭವಾದವು.

ಇಂಥ ಅಧ್ಯಯನ ವಿದೇಶಾಂಗ ಕಚೇರಿಗಳಿಗಷ್ಟೇ ಬೇಕಾದುದೆಂಬ ಎಣಿಕೆಯನ್ನು ರೇಷ್ಮೆಯ ಚರಿತ್ರೆ ಅಲ್ಲಗಳೆಯುತ್ತದೆ. ದೇವನಹಳ್ಳಿ ಸೀಮೆಯ ಬೆಳೆಗಾರ ಹಿಪ್ಪುನೇರಳೆ ಸೊಪ್ಪಿನಿಂದ ಹುಳು ಸಾಕಿ ವಿಜಯಪುರ ಅಥವಾ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವ ಗೂಡಿನ ಧಾರಣೆ, ಜಗತ್ತಿನ ರೇಷ್ಮೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉತ್ಪಾದಿಸುವ ಚೀನಾದ ನೂಲಿನ ಬೆಲೆಗೆ ಬಹುಮಟ್ಟಿಗೆ ಅಧೀನವಾಗಿದೆ. 2006ರಲ್ಲಿ ಚೀನಾ ತನ್ನ ರೇಷ್ಮೆ ಕೃಷಿಯನ್ನು ಕೈಗಾರಿಕೆಗಳಿಂದ ಕಿಕ್ಕಿರಿದ ಪೂರ್ವ ಕರಾವಳಿಯಿಂದ ಗುವಾಂಗ್‌ಷಿಯೇ ಮೊದಲಾದ ಪ್ರಾಂತಗಳಿಗೆ ಸರಿಸುವ ಯೋಜನೆಯನ್ನು ಕೈಗೊಂಡಿತು. ಇತ್ತ 2011ರಲ್ಲಿ, ನೂಲು ಅಗ್ಗವಾಗಬೇಕೆಂಬ ನೇಕಾರರ ಬೇಡಿಕೆಗೆ ಓಗೊಟ್ಟು ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಗೂಡಿನ ಧಾರಣೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಬೇಕಾಯಿತು.

ಚೀನಾದ ಕೃಷಿನೀತಿ ಅಲ್ಲಿನ ಪ್ರಾಂತೀಯ ದಾಖಲೆಗಳಲ್ಲಿ, ಚೀನೀ ಭಾಷೆಯಲ್ಲಿ, ಪರಿಣಾಮ ತಟ್ಟುವ ಮೊದಲೇ ಪ್ರಕಟವಾಗಿರುತ್ತದೆ. ಅದನ್ನು ಓದಬಲ್ಲ ಪದವೀಧರರು ಗಡಿತಕರಾರಿನ ಚರ್ಚೆಗೆ ಎಷ್ಟು ಅಗತ್ಯವೋ, ಸುಂಕದ ತೀರ್ಮಾನಕ್ಕೂ ಅಷ್ಟೇ ಅಗತ್ಯ. ಸಂಬಂಧ ಹದಗೆಟ್ಟ ಕಾಲದಲ್ಲಿ ಆ ಓದನ್ನು ನಿಲ್ಲಿಸಿದರೆ, ಅದು ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದನ್ನು ಕೈಬಿಟ್ಟಂತಾಗುತ್ತದೆ.