ಯಾವ ತಲೆಮಾರಿಗೆ ನಮ್ಮವರು?

ವಲಸೆ ಹೋದವರು ಎಷ್ಟನೆಯ ತಲೆಮಾರಿಗೆ ಆ ನಾಡಿನ ಮಕ್ಕಳಾಗುತ್ತಾರೆ? ಅಮೆರಿಕದ ಜಪಾನೀ ಮೂಲದವರ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ತಮ್ಮ ತಲೆಮಾರುಗಳನ್ನು ಎಣಿಸಿ ಹೆಸರಿಟ್ಟುಕೊಂಡ ಜನರವರು: ಮೊದಲನೆಯದು ‘ಇಸ್ಸೇ’, ಎರಡನೆಯದು ‘ನಿಸೇ’, ಮೂರನೆಯದು ‘ಸಾನ್ಸೇ’.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಹವಾಯಿಯ ಕಬ್ಬಿನ ತೋಟಗಳಿಗೂ ಕ್ಯಾಲಿಫೋರ್ನಿಯದ ಹೊಲಗಳಿಗೂ ದುಡಿಯಲು ಬಂದವರು ಇಸ್ಸೇಗಳು. ಅವರ ಬೆವರು ಬೇಕಾಗಿತ್ತು. ಪೌರತ್ವದ ಬಾಗಿಲು ಮಾತ್ರ ಮುಚ್ಚಿತ್ತು. 1913ರಲ್ಲಿ ಕ್ಯಾಲಿಫೋರ್ನಿಯ ಅವರಿಗೆ ಕೃಷಿಭೂಮಿಯ ಒಡೆತನವನ್ನೂ ನಿಷೇಧಿಸಿತು. ಇಪ್ಪತ್ತು ವರ್ಷ ಅಲ್ಲಿ ಬಾಳಿ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡುತ್ತ, ಕುಟುಂಬವನ್ನು ಅಲ್ಲಿನ ಚರ್ಚಿಗೇ ಕಳುಹಿಸುತ್ತಿದ್ದ ತಕಾವೊ ಒಜಾವ ಪೌರತ್ವ ಕೋರಿದರು. ಆತ ಬಿಳಿಯನಲ್ಲವೆಂದು 1922ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಮರುವರ್ಷ ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರಿಗೂ ಅದೇ ಉತ್ತರ ದೊರೆಯಿತು.

ನಿಸೇಗಳು ಹುಟ್ಟಿನಿಂದಲೇ ಪೌರರು. ಆದರೆ 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಬಲದಿಂದ ಸುಮಾರು 1,20,000 ಮಂದಿಯನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಇರಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಪೌರರೇ. 1943ರಲ್ಲಿ ಹಂಚಿದ ಪ್ರಶ್ನಾವಳಿಯೊಂದು, ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ತೊರೆಯುವಿರಾ ಎಂದು ಕೇಳಿತು. ತಂದೆ ‘ಹೌದು’ ಎಂದರೆ ಯಾವ ದೇಶಕ್ಕೂ ಸೇರದವನಾಗುತ್ತಿದ್ದ. ಮಗ ‘ಹೌದು’ ಎಂದರೆ ತನ್ನಲ್ಲಿ ಎಂದೂ ಇರದ ನಿಷ್ಠೆ ಇತ್ತೆಂದು ಒಪ್ಪಿದಂತಾಗುತ್ತಿತ್ತು. ಈ ಉತ್ತರಕ್ಕಾಗಿ ಕುಟುಂಬಗಳೇ ಒಡೆದವು. ಕೆಲವು ತರುಣರು ಶಿಬಿರದಿಂದಲೇ 442ನೆಯ ರೆಜಿಮೆಂಟನ್ನು ಸೇರಿ ಇಟಲಿ, ಫ್ರಾನ್ಸ್‌ಗಳಲ್ಲಿ ಅಮೆರಿಕಕ್ಕಾಗಿ ಪ್ರಾಣತೆತ್ತರು. ಮೊದಲು ನಮ್ಮ ಹಕ್ಕುಗಳನ್ನು ಹಿಂದಿರುಗಿಸಿ ಎಂದು ಸೈನ್ಯ ಸೇರಲು ಒಪ್ಪದ ಕೆಲವರು ಸೆರೆಮನೆ ಸೇರಿದರು. ಇಬ್ಬರೂ ತಾವು ಆ ನಾಡಿನವರೆಂದೇ ನಂಬಿದ್ದರು.

ಯುದ್ಧದ ನಂತರ ಎಷ್ಟೋ ನಿಸೇಗಳು ತಾವುಂಡ ನೋವನ್ನು ಮಕ್ಕಳಿಗೂ ಹೇಳಲಿಲ್ಲ. 1952ರಲ್ಲಿ ಇಸ್ಸೇಗಳಿಗೆ ಪೌರತ್ವದ ಅವಕಾಶ ದೊರೆಯಿತು. ಆ ಮೌನವನ್ನು ಮುರಿಯುವಲ್ಲಿ ಮುಂದಾದವರು ಸಾನ್ಸೇಗಳು. ಅಜ್ಜ ಅಜ್ಜಿಯರ ಭಾಷೆ ಅನೇಕರಿಗೆ ಬಾರದಿದ್ದರೂ ಅವರ ಅಪಮಾನ ಅರ್ಥವಾಗಿತ್ತು. 1988ರಲ್ಲಿ ಸರ್ಕಾರ ಕ್ಷಮೆ ಕೋರಿ, ಬದುಕಿದ್ದ ಪ್ರತಿಯೊಬ್ಬ ಸಂತ್ರಸ್ತರಿಗೂ 20,000 ಡಾಲರ್ ಪರಿಹಾರ ನೀಡುವ ಕಾನೂನು ಮಾಡಿತು. ಅಷ್ಟರಲ್ಲಿ ಬಹುಪಾಲು ಇಸ್ಸೇಗಳು ಮಣ್ಣು ಸೇರಿದ್ದರು.

ಹೊಂದಿಕೊಳ್ಳಲು ಒಜಾವ ತಮ್ಮ ಕೈಲಾದುದೆಲ್ಲವನ್ನೂ ಮಾಡಿದ್ದರು. ಬರಮಾಡಿಕೊಳ್ಳಬೇಕಾದವರು ಮಾಡಲಿಲ್ಲ. ನಮ್ಮ ಮನೆಗಳ ಮಕ್ಕಳೂ ಇಂದು ಹೊರನಾಡುಗಳಲ್ಲಿ ನೆಲೆಸಿದ್ದಾರೆ. ನಮ್ಮ ಊರುಗಳಿಗೂ ದೂರದಿಂದ ದುಡಿಯಲು ಬಂದವರಿದ್ದಾರೆ. ‘ನೀವು ಎಲ್ಲಿಯವರು?’ ಎಂದು ಅವರನ್ನು ಕೇಳುವುದು ಸಹಜ. ಅವರ ಮೊಮ್ಮಕ್ಕಳನ್ನೂ ಹಾಗೆಯೇ ಕೇಳುತ್ತಿರುವೆವೋ ಎಂಬುದನ್ನು ಯೋಚಿಸಿ ನೋಡಿರಿ.