ಬತ್ತಿದ ಈಜುಕೊಳದಿಂದ ಊರ ಉದ್ಯಾನಕ್ಕೆ

ಅಮೆರಿಕದ ಅನೇಕ ಊರುಗಳ ಉದ್ಯಾನದಲ್ಲಿ ಉಯ್ಯಾಲೆ, ಬ್ಯಾಸ್ಕೆಟ್‌ಬಾಲ್ ಅಂಗಣಗಳ ಪಕ್ಕದಲ್ಲೇ ದೊಡ್ಡದೊಂದು ಕಾಂಕ್ರೀಟ್ ಗುಂಡಿ ಇರುತ್ತದೆ. ಗಾಲಿ ಹಲಗೆಯ ಮೇಲೆ ನಿಂತ ಮಕ್ಕಳು ಅದರ ಗೋಡೆ ಏರಿ ಇಳಿಯುತ್ತಿರುತ್ತಾರೆ. ಇದೇ ಸ್ಕೇಟ್ ಪಾರ್ಕ್. ನೋಡಿದವರಿಗೆ ನೀರಿಲ್ಲದ ಈಜುಕೊಳ ನೆನಪಾದರೆ ಅದು ಆಕಸ್ಮಿಕವಲ್ಲ.

ಸ್ಕೇಟ್‌ಬೋರ್ಡ್ ಬೆಳೆದದ್ದು ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ. 1950ರ ದಶಕದಲ್ಲಿ ಅಲೆಗಳ ಮೇಲೆ ಜಾರುವ ಹುಚ್ಚಿನ ಹುಡುಗರು, ಅಲೆಯಿಲ್ಲದ ದಿನ ಹಲಗೆಗೆ ರೋಲರ್ ಸ್ಕೇಟ್ ಚಕ್ರ ಜೋಡಿಸಿ ರಸ್ತೆಗಿಳಿದರು. ಆ ಗಟ್ಟಿ ಚಕ್ರಗಳಿಗೆ ಸಣ್ಣ ಕಲ್ಲು ತಾಗಿದರೂ ಸವಾರ ಬೀಳುತ್ತಿದ್ದ. 1970ರ ದಶಕದ ಆರಂಭದಲ್ಲಿ ನೆಲವನ್ನು ಹಿಡಿದು ಓಡುವ ಪಾಲಿಯುರೆಥೇನ್ ಚಕ್ರ ಬಂದಿತು. 1976-77ರಲ್ಲಿ ಬಂದದ್ದು ಭೀಕರ ಬರ. ನೀರಿನ ಅಭಾವದಿಂದ ಎಷ್ಟೋ ಮನೆಗಳ ಈಜುಕೊಳಗಳು ಖಾಲಿ ಉಳಿದವು. ಹುಡುಗರು ಬೇಲಿ ಹಾರಿ ಒಳಗಿಳಿದರು. ಕೊಳದ ಬಾಗಿದ ಗೋಡೆಯೇ ಅವರಿಗೆ ಅಲೆಯಾಯಿತು.

ಇದರಲ್ಲಿ ವ್ಯಾಪಾರ ಕಂಡವರೂ ಇದ್ದರು. 1976ರಲ್ಲಿ ಫ್ಲಾರಿಡಾದ ಪೋರ್ಟ್ ಆರೆಂಜ್ ಹಾಗೂ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸ್ಕೇಟ್ ಪಾರ್ಕ್‌ಗಳು ತೆರೆದವು. ಆದರೆ ಬಿದ್ದವರು ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದರೆ ಗತಿಯೇನು? ವಿಮೆಯ ಕಂತು ಗಗನಕ್ಕೇರಿತು. 1980ರ ದಶಕದ ಆರಂಭದ ಹೊತ್ತಿಗೆ ಹೆಚ್ಚಿನವು ಮುಚ್ಚಿದವು. ಆಟಗಾರರು ಮತ್ತೆ ರಸ್ತೆ, ಮೆಟ್ಟಿಲು, ಕಟ್ಟೆಗಳಿಗೆ ಮರಳಿ ಪೊಲೀಸರಿಂದ ಬೈಸಿಕೊಂಡರು. 1990ರಲ್ಲಿ ಪೋರ್ಟ್‌ಲೆಂಡ್‌ನ ಯುವಕರು ಯಾರ ಅಪ್ಪಣೆಗೂ ಕಾಯದೆ ಬರ್ನ್‌ಸೈಡ್ ಸೇತುವೆಯ ಕೆಳಗೆ ತಾವೇ ಕಾಂಕ್ರೀಟ್ ಕಲಸಿ ಪಾರ್ಕ್ ಕಟ್ಟತೊಡಗಿದರು. ನಗರಾಡಳಿತ ಬಳಿಕ ಅದಕ್ಕೆ ಸಮ್ಮತಿಸಿತು.

ನಿಜವಾದ ತಿರುವು ತಂದದ್ದು ಸಿಮೆಂಟಲ್ಲ, ಕಾನೂನು. 1997ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾಯಿದೆ ಮಾಡಿ, ಸ್ಕೇಟ್‌ಬೋರ್ಡಿಂಗನ್ನು ಅಪಾಯವಿರುವ ಆಟವೆಂದು ಗುರುತಿಸಿತು. ಹೆಲ್ಮೆಟ್ ಹಾಗೂ ಮೊಣಕೈ, ಮೊಣಕಾಲು ಕವಚದ ನಿಯಮ ವಿಧಿಸಿದ ಸ್ಥಳೀಯ ಸಂಸ್ಥೆಗಳ ಮೇಲಿನ ಪರಿಹಾರದ ಹೊರೆ ಹಗುರಾಯಿತು. ಮೊಕದ್ದಮೆಯ ಭಯ ತಗ್ಗಿದ್ದೇ ತಡ, ಊರಿಂದೂರಿಗೆ ಸಾರ್ವಜನಿಕ ಸ್ಕೇಟ್ ಪಾರ್ಕ್‌ಗಳು ಎದ್ದವು.

ಒಂದು ಕಾಲದ ಪುಂಡಾಟಕ್ಕೆ ಈಗ ಪರಂಪರೆಯ ಗೌರವವೂ ಸಂದಿದೆ. ಲಂಡನ್ನಿನ ಅಂಚಿನ ಹಾರ್ನ್‌ಚರ್ಚ್‌ನಲ್ಲಿ 1978ರಲ್ಲಿ ಕಟ್ಟಿದ ರಾಮ್ ಪಾರ್ಕ್ 2014ರಲ್ಲಿ ಬ್ರಿಟನ್ನಿನ ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಈ ಆಟ ನಮ್ಮ ದೇಶದ ಹಳ್ಳಿಗೂ ಬಂದಿದೆ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್‌ನಲ್ಲಿ 2015ರಲ್ಲಿ ಸ್ಕೇಟ್ ಪಾರ್ಕ್ ತೆರೆದಾಗ ಅಲ್ಲಿಟ್ಟ ನಿಯಮಗಳು ಎರಡೇ: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಮೊದಲ ಸರದಿ ಹುಡುಗಿಯರದು.

ನಮ್ಮ ಬಡಾವಣೆಗಳ ಎಷ್ಟೋ ಉದ್ಯಾನಗಳಲ್ಲಿ ‘ಇಲ್ಲಿ ಆಟವಾಡಬಾರದು’ ಎಂಬ ಫಲಕ ಮಕ್ಕಳನ್ನು ಎದುರುಗೊಳ್ಳುತ್ತದೆ. ಆಟ ಅದರಿಂದ ನಿಲ್ಲುವುದಿಲ್ಲ, ರಸ್ತೆಗೆ ಬರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಇದು ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.